ಬಗೆದು ನೋಡದ ನೆಲ

ಹೊಸಕಿದ ಇರುವೆಗೆ ಒಂದು ವಾಸನೆಯಿದೆ. ನಿಂಬೆಸಿಪ್ಪೆಯನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ತಿಕ್ಕಿದರೆ ಬರುವಂಥ, ಮೂಗಿನ ತುದಿಗೆ ಚುರುಕ್ಕೆನ್ನುವ ಹುಳಿ ವಾಸನೆ. ನಾನು ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಅಮ್ಮ ಡಬ್ಬಿಯನ್ನು ಅಂಗಳಕ್ಕೆ ತಂದು ನನಗೂ ನನ್ನ ತಂಗಿಗೂ ಒಪ್ಪಿಸುತ್ತಿದ್ದಳು. ನಾವು ಒಂದೊಂದನ್ನೇ ಆರಿಸಿ ಹೊಸಕಿ, ಬೆರಳು ಮೂಸಿ, ಮುಖ ಕಿವುಚಿ, ಮತ್ತೆ ಮೂಸುತ್ತಿದ್ದೆವು. ತಂಗಿಗೆ ಮಗಳು ಹುಟ್ಟಿ ಅವಳು ಓಡಾಡುವಂತಾದಾಗ ಅವಳ ಕೈಗೂ ಅಂಥದೇ ಒಂದು ಡಬ್ಬಿ ಕೊಟ್ಟು ನೋಡಿದೆ. ಆ ಕೂಸು ಒಂದು ಇರುವೆಯನ್ನೂ ಸಾಯಿಸಲಿಲ್ಲ. ಎಲ್ಲವನ್ನೂ ಊದಿ ಊದಿ ಗೋಡೆಯ ಬುಡಕ್ಕೆ ಬಿಟ್ಟು, "ದೊಡ್ಡಮ್ಮ, ಇವು ಯಾರ ಮನೆಗೆ ಹೋಗ್ತವೆ?" ಎಂದು ಕೇಳಿತು. ಮುಂದೆ ಇರುವೆಗಳ ಬಗ್ಗೆಯೇ ಓದಿ, ಅದರಲ್ಲೇ ಡಾಕ್ಟರೇಟ್ ಪಡೆದು, ಕಾಲೇಜಿನಲ್ಲಿ ಪಾಠ ಹೇಳುವವಳಾದಳು. ಮೂವತ್ತು ದಾಟಿದ್ದರೂ ಮನೆಯಲ್ಲಿ ನಾವೆಲ್ಲ ಅವಳನ್ನು ಪುಟ್ಟಿ ಎಂದೇ ಕರೆಯುತ್ತೇವೆ.

ಈ ಪುಟ್ಟಿಯನ್ನು ಆ ಶಾಲೆಗೆ ಕರೆದುಕೊಂಡು ಹೋದವಳು ನಾನೇ.

ಅದು ಕಣ್ಣು ಕಾಣದ ಮಕ್ಕಳ ವಸತಿ ಶಾಲೆ. ಲೈಬ್ರರಿ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಅಲ್ಲಿಗೆ ಹೋಗಿ ಮಕ್ಕಳಿಗೆ ಪುಸ್ತಕ ಓದಿ ಹೇಳುತ್ತೇನೆ. ಮಕ್ಕಳು ಮಲಗುವ ಕಟ್ಟಡದ ಮೆಟ್ಟಿಲಿನಿಂದ ಒಂದು ಸಿಮೆಂಟಿನ ದಾರಿ ಹೊರಟು, ಅಂಗಳದ ಮಧ್ಯೆ ಮೂರು ಕವಲಾಗುತ್ತದೆ. ಊಟದ ಮನೆಗೆ ಹೋಗುವ ದಾರಿಯ ಎರಡೂ ಬದಿಗೆ ಪುದೀನ. ಬಚ್ಚಲ ಮನೆಗಳ ಕಡೆಗೆ ಮಜ್ಜಿಗೆ ಹುಲ್ಲು. ತರಗತಿಗಳ ಕಡೆಗೆ ದೊಡ್ಡಪತ್ರೆ. ಯಾವುದೂ ಸಾಲಾಗಿ ನೆಟ್ಟ ಅಲಂಕಾರದ ಗಿಡಗಳಲ್ಲ. ನೆಲ ಕಾಣದಷ್ಟು ಒತ್ತಾಗಿ ಹಬ್ಬಿ, ಮಕ್ಕಳ ಕಾಲು ಕೈಗಳಿಗೆ ತಾಗುವಂತೆ ದಾರಿಯ ಮೇಲಕ್ಕೆ ಬಾಗಿದ್ದವು. ಮಕ್ಕಳು ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದರು. ಕವಲಿನ ಹತ್ತಿರ ಬಂದು, ಕೈ ಬೀಸಿ ಎಲೆ ಸವರಿ, ಮೂಸಿ, ಮತ್ತೆ ಓಟ. ಹೊಸಬರು ಯಾರಾದರೂ ಅದನ್ನು ನೋಡಿದರೆ ಇವರಿಗೆ ಕಣ್ಣಿಲ್ಲ ಎಂದರೆ ನಂಬುತ್ತಿರಲಿಲ್ಲ.

ಈ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿದವನು ಅಲ್ಲಿನ ಮಾಲಿ. ಯಾರು ಏನು ಕೇಳಿದರೂ ಹೂಂ ಮತ್ತು ಉಹೂಂಗಳ ನಡುವಿನ ಒಂದು ಗುಟುರು ಹಾಕುವುದು ಅವನ ಅಭ್ಯಾಸ. ಮಕ್ಕಳು ಅವನಿಗೆ ಗುಟುರಣ್ಣ ಎಂದು ಹೆಸರಿಟ್ಟಿದ್ದರು. ಗುಟುರಿನಲ್ಲೇ ಅವನ ಮನಸ್ಸು ಹೇಳಬಲ್ಲೆವೆಂದು ಅವರಿಗೆ ಜಂಬ. ಹೊಸದಾಗಿ ಸೇರಿದ ಮಗು ಮೊದಲ ದಿನ ದಾರಿ ತಿಳಿಯದೆ ನಿಂತಿದ್ದರೆ, ಅವನು ಮಾತಾಡದೆ ಮುಂದೆ ಮುಂದೆ ನಡೆದು ಗಿಡಗಳನ್ನು ಅಲ್ಲಾಡಿಸುತ್ತಿದ್ದ. ಮಗು ವಾಸನೆ ಹಿಡಿದು ಹಿಂದೆ ಹೋಗುತ್ತಿತ್ತು. ತನ್ನನ್ನು ಯಾರೋ ಕರೆದೊಯ್ದರು ಎಂದು ಅದಕ್ಕೆ ಅನಿಸುತ್ತಲೇ ಇರಲಿಲ್ಲ. ತಾನೇ ದಾರಿ ಕಂಡುಕೊಂಡೆ ಎಂದುಕೊಳ್ಳುತ್ತಿತ್ತು. ನಾನು ಇದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಈ ವರ್ಷ ಬೇಸಿಗೆಯಲ್ಲಿ ಊಟದ ಮನೆಗೆ ಇರುವೆ ಮುತ್ತಿದವು. ಸಣ್ಣ ಕಪ್ಪು ಇರುವೆ. ಕಚ್ಚುವ ಜಾತಿಯಲ್ಲ, ಆದರೆ ತಟ್ಟೆಯಲ್ಲಿ, ನೀರಿನ ಲೋಟದಲ್ಲಿ, ದಿಂಬಿನ ಚೀಲದಲ್ಲಿ ಎಲ್ಲೆಂದರಲ್ಲಿ. ಕಾಣದ ಮಕ್ಕಳು ಅವನ್ನು ಬೇರ್ಪಡಿಸಿ ತಿನ್ನುವುದು ಹೇಗೆ? ಔಷಧಿ ಹೊಡೆಸಲು ದೊಡ್ಡ ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಎಲ್ಲವನ್ನೂ ಮುಟ್ಟಿ ಮುಟ್ಟಿ ತಿಳಿಯುವ ಮಕ್ಕಳು ಅವು.

"ನಮ್ಮ ಹುಡುಗಿ ಇದಾಳಲ್ಲ ಮೇಷ್ಟ್ರೇ," ಎಂದೆ ನಾನು. "ಇರುವೆ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ." ಹೇಳುವಾಗ ನನ್ನ ಧ್ವನಿ ಎಷ್ಟು ಉಬ್ಬಿತ್ತೆಂದರೆ ಅಡುಗೆಯಾಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದಳು.

ಪುಟ್ಟಿ ಎರಡು ಕ್ಲಾಸುಗಳ ನಡುವಿನ ಬಿಡುವಿನಲ್ಲಿ ಓಡಿಬಂದಳು. ಊಟದ ಮನೆಯ ಗೋಡೆಯಿಂದ ಇಳಿದ ಸಾಲು ಪುದೀನದ ಪೊದೆಯೊಳಗೆ ನುಗ್ಗುವುದನ್ನು ಬಗ್ಗಿ ನೋಡಿದಳು. ಎದ್ದು ನಿಂತು ಕೈ ಕೊಡವಿಕೊಂಡಳು.

"ಗೂಡು ಈ ಗಿಡಗಳ ಅಡಿಯಲ್ಲಿದೆ ಸರ್. ನೆರಳು, ತೇವ, ಕೊಳೆತ ಎಲೆ, ಅವಕ್ಕೆ ಇದಕ್ಕಿಂತ ಇನ್ನೇನು ಬೇಕು? ನಾನು ಕೆಲಸ ಮಾಡಿದ ಕಾಡಲ್ಲೆಲ್ಲ ಹೀಗೇ. ಹೊದಿಕೆ ತೆಗೆದ್ವಿ ಅಂದ್ರೆ ಜಾಗ ಖಾಲಿ ಮಾಡ್ತವೆ."

"ತೆಗೀಬೇಕಾ?" ಎಂದರು ಮೇಷ್ಟ್ರು. ಅವರ ಕಣ್ಣು ಮಾಲಿಯ ಕಡೆಗೆ ಹೋಗಿತ್ತು.

"ತೆಗೀಲೇಬೇಕು. ಮಳೆಗೆ ಮುಂಚೆ."

ಮಾಲಿ ಒಂದೇ ಒಂದು ಮಾತು ಕೇಳಿದ. "ಬುಡ ಉಳಿಸಲಾ?"

"ಬುಡ ಉಳಿದ್ರೆ ಮತ್ತೆ ಚಿಗುರತ್ತಲ್ಲಣ್ಣ. ಸಮೇತ ತೆಗೀರಿ," ಎಂದು ಪುಟ್ಟಿ ಗಡಿಯಾರ ನೋಡಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು.

ಕಿತ್ತ ದಿನ ಇಡೀ ಅಂಗಳ ವಾಸನೆಯಿಂದ ತುಂಬಿಹೋಗಿತ್ತು. ಮೂರೂ ಒಟ್ಟಿಗೆ ಸೇರಿ ಯಾವ ದಾರಿ ಯಾವುದೆಂದು ತಿಳಿಯದೆ ಮಕ್ಕಳು ಮೆಟ್ಟಿಲ ಮೇಲೆ ಗುಂಪಾಗಿ ಕುಳಿತುಬಿಟ್ಟರು. ಮಾರನೆಯ ದಿನದಿಂದ ವಾಸನೆಯೇ ಇಲ್ಲ. ಕಂಬ ನೆಟ್ಟು ಹಗ್ಗ ಕಟ್ಟಿಸಿದರು. ಓಡುತ್ತಿದ್ದವರು ಹಗ್ಗ ಹಿಡಿದು ಒಬ್ಬರ ಹಿಂದೆ ಒಬ್ಬರು ನಡೆಯತೊಡಗಿದರು. ಅಲ್ಲಿ ಚಿನಕುರುಳಿ ಎಂದು ಕರೆಸಿಕೊಳ್ಳುವ ಒಬ್ಬ ಹುಡುಗಿಯಿದ್ದಾಳೆ, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. "ಅಜ್ಜಿ, ನಮ್ಮನ್ನ ಹಗ್ಗಕ್ಕೆ ಒಣಗಿಸೋಕೆ ಹಾಕಿದಾರೆ," ಎಂದಳು ನನಗೆ. ನಾನು ನಕ್ಕೆ. ಇರುವೆ ಕಡಿಮೆಯಾಗಲೆಂದು ಮಾಡಿದ್ದಲ್ಲವೇ, ಸ್ವಲ್ಪ ದಿನ ಸಹಿಸಬೇಕು ಎಂದು ಬುದ್ಧಿಯನ್ನೂ ಹೇಳಿದೆ.

ಇರುವೆ ಕಡಿಮೆಯಾಗಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಬಿಸಿಲು ಏರಿದಾಗ ರೆಕ್ಕೆ ಇರುವೆಗಳು ಎಲ್ಲಿಂದಲೋ ಹಾರಿಬಂದು ಅಂಗಳದ ಬೋಳು ಮಣ್ಣಿನ ಮೇಲೆ ಸುರಿದವು. ರೆಕ್ಕೆ ಕಳಚಿ ಬಿಸಾಕಿ, ಮೆತ್ತಗಾದ ನೆಲ ಕೊರೆದು ಒಳಗಿಳಿದವು. ಸಿಮೆಂಟಿನ ದಾರಿಯುದ್ದಕ್ಕೂ ಬಿದ್ದ ರೆಕ್ಕೆಗಳನ್ನು ಮಾಲಿ ಗುಡಿಸಿ ಮೂಲೆಗೆ ಹಾಕಿದ. ಆಮೇಲೆ ಒಂದೆರಡು ತಿಂಗಳು ಯಾರೂ ಅದನ್ನು ನೆನೆಯಲಿಲ್ಲ. ದಾರಿಯ ಅಂಚಿನಲ್ಲಿ ಹುಡಿಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳು ಎದ್ದಾಗಲೂ ಎರೆಹುಳುವಿನದೆಂದುಕೊಂಡೆವು.

ಚಿನಕುರುಳಿ ಒಂದು ಬೆಳಗ್ಗೆ ಹಗ್ಗ ಬಿಟ್ಟು ಕೆಳಗೆ ಕೂತು, ಪುದೀನ ಒಂದಾದರೂ ಚಿಗುರಿದೆಯೇ ಎಂದು ಕೈಯಾಡಿಸಿ ಹುಡುಕಿದಳಂತೆ. ಕೈ ಗುಪ್ಪೆಯೊಳಗೆ ಹೋಯಿತು. ಕೆಂಪು ಇರುವೆ. ಮೊಣಕೈಯವರೆಗೂ ಹತ್ತಿ ಕಚ್ಚಿದವು. ನಾನು ಹೋಗುವ ಹೊತ್ತಿಗೆ ಕೈ ಊದಿ, ಬೊಕ್ಕೆಯೆದ್ದು, ಬೆರಳು ಮಡಚಲು ಬರುತ್ತಿರಲಿಲ್ಲ. ಬೆರಳಿನಲ್ಲಿ ಓದುವ ಹುಡುಗಿ ಅವಳು. "ಬಲಗೈಗೆ ರಜಾ ಅಜ್ಜಿ, ಎಡಗೈ ಓದಲ್ಲ, ದಡ್ಡ," ಎಂದಳು. ಅಡುಗೆಯಾಕೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಒಲೆಯ ಮೇಲಿದ್ದದ್ದು ಸೀಯುತ್ತಿತ್ತು. ಆಕೆ ಏಳಲಿಲ್ಲ.

ನಾನು ಪುಟ್ಟಿಗೆ ಫೋನ್ ಮಾಡಿದೆ. ಮಧ್ಯಾಹ್ನವೇ ಬಂದಳು. ಈ ಸಲ ಗಡಿಯಾರ ನೋಡಲಿಲ್ಲ. ಒಂದು ಗುಪ್ಪೆಯನ್ನು ಕರಣೆಯಿಂದ ಸೀಳಿ ನೋಡಿದಳು, ಇನ್ನೊಂದನ್ನು ನೋಡಿದಳು. ಬೋಳು ಮಣ್ಣಿಗೆ ಥರ್ಮಾಮೀಟರು ಚುಚ್ಚಿದಳು. ಮಾಲಿ ಕೀಳದೆ ಬಿಟ್ಟಿದ್ದ, ಕಾಂಪೌಂಡಿನ ಮೂಲೆಯ ದಟ್ಟ ಪೊದೆಯ ಅಡಿಗೂ ಚುಚ್ಚಿದಳು. ಆಮೇಲೆ ಊಟದ ಮನೆಯ ಗೋಡೆಯ ಹತ್ತಿರ ಮಂಡಿಯೂರಿ ಕೂತು ಕಪ್ಪಿರುವೆಯ ಸಾಲನ್ನು ನೋಡುತ್ತಲೇ ಇದ್ದಳು. ಎದ್ದು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಾಗ ಅವಳ ಕಿವಿಗಳು ಕೆಂಪಗಾಗಿದ್ದವು. ಚಿಕ್ಕಂದಿನಿಂದಲೂ ಅವಳಿಗೆ ನಾಚಿಕೆಯಾದರೆ ಮೊದಲು ಕೆಂಪಾಗುವುದು ಕಿವಿ.

"ಏನಾಯ್ತೇ?"

"ನಾನು ಬಗೆದೇ ನೋಡ್ಲಿಲ್ಲ ದೊಡ್ಡಮ್ಮ."

"ಸರಿಯಾಗಿ ಹೇಳು. ನಂಗೆ ತಿಳಿಯೋ ಹಾಗೆ."

"ಕಪ್ಪಿರುವೆ ಗೂಡು ಗೋಡೆ ಬಿರುಕಲ್ಲಿದೆ. ಮೊದಲಿಂದ್ಲೂ ಅಲ್ಲೇ ಇತ್ತು. ಹೊಟ್ಟೆ ತುಂಬಿಸ್ಕೊಂಡಿರೋ ಇರುವೆ ಮನೆ ಕಡೆ ಹೋಗತ್ತೆ, ಖಾಲಿ ಹೊಟ್ಟೇದು ಮೇವಿಗೆ ಹೋಗತ್ತೆ. ನನ್ನ ಸ್ಟೂಡೆಂಟ್ಸಿಗೆ ಮೊದಲನೇ ವಾರ ಹೇಳ್ಕೊಡೋ ಪಾಠ ಅದು. ಅವತ್ತು ಸಾಲು ಪೊದೆ ಒಳಗೆ ಹೋಗೋದು ನೋಡ್ದೆ. ಅವು ಖಾಲಿ ಹೊಟ್ಟೇವು, ಮೇವಿಗೆ ಹೋಗ್ತಿದ್ವು ಅಂತ ನೋಡ್ಲಿಲ್ಲ."

"ಮತ್ತೆ ಈ ಕೆಂಪಿನವು?"

"ಇವಕ್ಕೆ ಬಿಸಿಲು ಬೇಕು. ಮಣ್ಣು ಬೆಚ್ಚಗಿದ್ರೇನೇ ಮೊಟ್ಟೆ, ಮರಿ ಬೇಗ ಬೆಳೆಯೋದು. ಹಾರಿ ಬಂದ ರಾಣಿ ಬೋಳು ನೆಲ ಹುಡುಕ್ತಾಳೆ. ದಟ್ಟ ಗಿಡ ಇದ್ರೆ ನೆಲ ತಣ್ಣಗಿರತ್ತೆ, ಅಲ್ಲಿ ಮೊದಲೇ ಇರೋ ಬೇರೆ ಇರುವೆಗಳು ಹೊಸ ರಾಣಿನ ಬದುಕೋಕೂ ಬಿಡಲ್ಲ. ಗಿಡಗಳೇ ಕಾಯ್ತಿದ್ವು ದೊಡ್ಡಮ್ಮ. ನಾನು ಅವನ್ನ ಕೀಳಿಸಿ ಅಂಗಳನೆಲ್ಲ ಹೆರಿಗೆ ಮನೆ ಮಾಡಿಟ್ಟೆ." ಅವಳು ಅಂಗೈಯ ಮಣ್ಣನ್ನು ಉಜ್ಜುತ್ತಲೇ ಇದ್ದಳು. "ನಾನು ಓದಿದ್ದು ಕಾಡಿನ ಇರುವೆ. ಅಂಗಳದ್ದಲ್ಲ. ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂದಿದ್ರೆ ಮುಗೀತಿತ್ತು."

ಅಷ್ಟರಲ್ಲಿ ದೊಡ್ಡ ಮೇಷ್ಟ್ರು ತಾವೇ ಎರಡು ಲೋಟ ಚಹಾ ಹಿಡಿದುಕೊಂಡು ಬಂದರು. ತುಂಬ ಒಳ್ಳೆಯ ಮನುಷ್ಯ. ಯಾರ ಮುಖ ಬಾಡಿದರೂ ತಡೆಯಲಾರರು.

"ನೀವು ಬೇಜಾರು ಮಾಡ್ಕೋಬೇಡಿ ಮೇಡಂ. ಈ ಸಲದ ಮಳೆ ಹಾಗಿತ್ತು. ಇರುವೆಗಳೇನು ನಮ್ಮ ಅಪ್ಪಣೆ ಕೇಳಿ ಬರ್ತವಾ? ನೀವು ಹೇಳಿ ಗಿಡ ತೆಗೆಸದೇ ಇದ್ದಿದ್ರೆ ಇನ್ನೂ ಎಷ್ಟು ಆಗ್ತಿತ್ತೋ ಏನೋ!"

ಪುಟ್ಟಿ ಲೋಟ ತೆಗೆದುಕೊಂಡಳು. ನಾನು ಅವಳ ಮುಖ ನೋಡಿದೆ. ಅವಳು ಚಹಾ ನೋಡಿದಳು.

"ಹೌದು ಸರ್," ಎಂದಳು. "ಮಳೆ... ಮಳೆನೂ ಒಂದು ಕಾರಣ."

ಬೆಂಚಿನ ಹಿಂದೆ ಮಾಲಿ ನಿಂತಿದ್ದ. ಗುಪ್ಪೆಗಳಿಗೆ ಹೊಯ್ಯಲು ಅಡುಗೆಮನೆಯಿಂದ ಕುದಿಯುವ ನೀರಿನ ಬಕೆಟ್ ತಂದಿದ್ದವನು ನಮ್ಮ ಮಾತನ್ನೆಲ್ಲ ಮೊದಲಿನಿಂದ ಕೇಳಿಸಿಕೊಂಡು ನಿಂತುಬಿಟ್ಟಿದ್ದ. ಗುಟುರು ಹಾಕಲಿಲ್ಲ. ಬಕೆಟ್ ಎತ್ತಿಕೊಂಡು ಹೊರಟುಹೋದ.

ನಾವು ಗೇಟಿಗೆ ಬರುವಾಗ ಮಕ್ಕಳು ಹಗ್ಗ ಹಿಡಿದುಕೊಂಡು ಊಟದ ಮನೆಯಿಂದ ಮರಳುತ್ತಿದ್ದರು. ಮೇಷ್ಟ್ರು ಹೇಳಿಕೊಟ್ಟಿರಬೇಕು, ಎಲ್ಲರೂ ಒಟ್ಟಿಗೆ "ಥ್ಯಾಂಕ್ಯೂ ಮೇಡಂ" ಎಂದರು. ಪುಟ್ಟಿ ಗೇಟಿನ ಚಿಲಕ ಹುಡುಕುವವಳಂತೆ ಬಗ್ಗಿದಳು. ಚಿಲಕ ಅವಳ ಕಣ್ಣೆದುರೇ ಇತ್ತು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಳು. ಇವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಅವಳ ಹೆಗಲ ಮೇಲೆ ಹೊರೆ ಹೊರಿಸಿದವಳು ನಾನಲ್ಲವೇ? ಹಾಗೆ ಹೊಗಳಿಸಿಕೊಂಡ ಮೇಲೆ "ಗೊತ್ತಿಲ್ಲ" ಎನ್ನಲು ಯಾರಿಗೆ ನಾಲಿಗೆ ಹೊರಳುತ್ತದೆ? ಆದರೆ ಮಳೆಯ ಮಾತು ಅವಳದೇ. ಅದರಲ್ಲಿ ನನ್ನ ಪಾಲಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮುಂದಿನ ಭಾನುವಾರ ನಾನು ಹಾಲು ಕಾಸುತ್ತಿದ್ದಾಗ ಬಾಗಿಲು ತಟ್ಟಿದಳು. ಹೊರಗೆ ಆಟೋದಲ್ಲಿ ಒದ್ದೆ ಗೋಣಿಚೀಲಗಳು. ಕಾಲೇಜಿನ ತೋಟದಿಂದ, ಪರಿಚಯದವರ ಹಿತ್ತಲುಗಳಿಂದ ಬೇಡಿ ತಂದ ಪುದೀನದ ಬೇರು, ದೊಡ್ಡಪತ್ರೆಯ ತುಂಡುಗಳು, ಮಜ್ಜಿಗೆ ಹುಲ್ಲಿನ ಬುಡಗಳು.

"ಬರ್ತೀಯಾ ದೊಡ್ಡಮ್ಮ? ಒಬ್ಬಳೇ ಹೋಗೋಕೆ ಕಾಲೇ ಏಳ್ತಿಲ್ಲ."

"ಗಿಡ ಕೊಡೋಕಾ, ಹೇಳೋಕಾ?"

"ಹೇಳೋಕೆ," ಎಂದಳು.

ಬೆಳಗಿನ ತಿಂಡಿ ಮುಗಿದು ಮಕ್ಕಳು ಊಟದ ಮನೆಯಲ್ಲೇ ಇದ್ದರು. ಪುಟ್ಟಿ ದೊಡ್ಡ ಮೇಷ್ಟ್ರ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. "ಅಯ್ಯೋ ಅದೆಲ್ಲ ಯಾಕೆ ಮೇಡಂ, ಮಕ್ಕಳ ಮುಂದೆ," ಎಂದರು ಅವರು. ಅವಳು ಬಿಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು. ಗೂಡು ಗಿಡಗಳ ಅಡಿಯಲ್ಲಿ ಇರಲಿಲ್ಲ, ತಾನು ನೋಡದೆ ಹೇಳಿದೆ, ಗಿಡ ಕಿತ್ತಿದ್ದರಿಂದಲೇ ಕೆಂಪಿರುವೆ ಬಂದವು, ಮಳೆ ಕಾರಣವಲ್ಲ, ಅವತ್ತು ಮೇಷ್ಟ್ರು ಮಳೆ ಎಂದಾಗ ಗೊತ್ತಿದ್ದೂ ಹೌದೆಂದೆ. ತರಗತಿಯಲ್ಲಿ ನೂರಾರು ಜನರೆದುರು ಮಾತಾಡುವವಳ ಧ್ವನಿ ಮೊದಲ ಸಾಲಿನ ಆಚೆಗೆ ಕೇಳಿಸುತ್ತಿರಲಿಲ್ಲ. ಹಿಂದಿನಿಂದ ಯಾರೋ "ಜೋರಾಗಿ!" ಎಂದರು. ಪಾಪ, ಮತ್ತೆ ಮೊದಲಿನಿಂದ ಹೇಳಿದಳು.

ಆಮೇಲೆ ಚಿನಕುರುಳಿ, ಕೈಗೆ ಸುತ್ತಿದ ಬಟ್ಟೆಯನ್ನು ಮೇಜಿನ ಮೇಲಿಟ್ಟುಕೊಂಡು, ಕೇಳಿದಳು.

"ಅಂದ್ರೆ ನೀವು ತಪ್ಪು ಉತ್ತರ ಬರೆದ್ರಾ ಅಕ್ಕ?"

"ಹೂಂ."

"ಕಾಪಿನೂ ಹೊಡೆದ್ರಾ? ಮಳೆ ಅಂತ ಮೇಷ್ಟ್ರು ಹೇಳಿದ್ದನ್ನೇ ಬರೆದ್ರಲ್ಲ?"

"ಹೂಂ. ಅದೂ ಹೌದು."

"ಮೇಷ್ಟ್ರೇ, ಸೊನ್ನೆ ಹಾಕಿ! ನಮ್ಗಾದ್ರೆ ಹಾಕ್ತೀರಿ."

ಮಕ್ಕಳು ಗೊಳ್ಳೆಂದು ನಕ್ಕರು. ಮೇಷ್ಟ್ರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಪುಟ್ಟಿಯೂ ನಗಲು ನೋಡಿದಳು. ನಗು ನಿಂತ ಮೇಲೆ ಚಿನಕುರುಳಿ ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ.

"ಗಿಡ ಮೊದಲಿನ ಹಾಗೆ ಯಾವಾಗ ಬರತ್ತೆ?"

"ಇವತ್ತು ನೆಡ್ತೀವಿ. ಆದ್ರೆ ನೆಲ ಪೂರ್ತಿ ಮುಚ್ಚಿಕೊಳ್ಳೋಕೆ ಎರಡು ಮಳೆಗಾಲ ಬೇಕು."

"ಅಷ್ಟೊತ್ತಿಗೆ ನಾನು ದೊಡ್ಡ ಶಾಲೆಗೆ ಹೋಗ್ಬಿಟ್ಟಿರ್ತೀನಿ," ಎಂದಳು ಹುಡುಗಿ. ದೂರಿನ ಧ್ವನಿಯಲ್ಲ, ಲೆಕ್ಕ ಹೇಳಿದಂತೆ.

ಮಾಲಿ ಹೊರಗೆ ನಲ್ಲಿಯ ಹತ್ತಿರ ಗುದ್ದಲಿ ತೊಳೆಯುತ್ತಿದ್ದ. ಪುಟ್ಟಿ ಅವನೆದುರು ಹೋಗಿ ನಿಂತಳು.

"ಅಣ್ಣ, ಬುಡ ಉಳಿಸಲಾ ಅಂತ ನೀವು ಕೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ."

ಅವನು ಗುದ್ದಲಿ ತೊಳೆದು ಮುಗಿಸಿದ. ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆ ಇರುವೆ ವಿಷ್ಯ ನಂಗೂ ಗೊತ್ತಿರ್ಲಿಲ್ಲಮ್ಮ. ನೀವು ಓದಿದೋರು, ಸರಿ ಇರಬೇಕು ಅಂದ್ಕೊಂಡೇ ಕಿತ್ತೆ. ಗಿಡ ಹೋದ್ರೆ ಮತ್ತೆ ನೆಡಬಹುದು. ಅವತ್ತು ಮಳೆ ಅಂದ್ರಲ್ಲ, ಅದು ಕೇಳೋಕಾಗ್ಲಿಲ್ಲ." ಗುದ್ದಲಿಯನ್ನು ಅವಳ ಪಕ್ಕದ ಗೋಡೆಗೆ ಒರಗಿಸಿ ಹೊರಟುಹೋದ.

ಅದೇ ಗುದ್ದಲಿ ಹಿಡಿದು ಪುಟ್ಟಿ ನೆಲ ಅಗೆದಳು. ನಾನು ಚೀಲದಿಂದ ಬೇರು ಬಿಡಿಸಿ ಬಿಡಿಸಿ ಕೊಟ್ಟೆ. ನನ್ನ ಮಂಡಿಗೆ ಅಷ್ಟೇ ಸಾಧ್ಯ. ಅಗೆಯುವ ಮುಂಚೆ ಪ್ರತಿ ಜಾಗವನ್ನೂ ಅವಳು ಕರಣೆಯಿಂದ ಬಗೆದು, ಒಳಗೆ ಗೂಡಿದೆಯೇ ಎಂದು ನೋಡುತ್ತಿದ್ದಳು. ಒಮ್ಮೆ ಮಾಲಿ ಬಿಸಿನೀರಿನ ಬಕೆಟ್ ಹಿಡಿದು ಆ ಕಡೆ ಹಾದುಹೋಗುವಾಗ ನಿಂತ. ಅವಳು ನೆಟ್ಟ ಮಜ್ಜಿಗೆ ಹುಲ್ಲಿನ ಬುಡವೊಂದನ್ನು ಎಳೆದು ತೆಗೆದು, ಗುಳಿಯನ್ನು ಇನ್ನಷ್ಟು ಆಳ ಮಾಡಿ, ಮತ್ತೆ ಊರಿ, ಮಣ್ಣನ್ನು ಅಂಗೈಯಿಂದ ಒತ್ತಿ ಮುಂದೆ ಹೋದ. ಪುಟ್ಟಿ ಮೊದಲಿನಿಂದ ತಾನು ನೆಟ್ಟಿದ್ದೆಲ್ಲವನ್ನೂ ಕಿತ್ತು ಹಾಗೆಯೇ ನೆಟ್ಟಳು. ಅಷ್ಟು ಹೊತ್ತೂ ಅವಳ ಕಿವಿ ಕೆಂಪಾಗಿಯೇ ಇತ್ತು. ಬಿಸಿಲೂ ಇತ್ತು, ಯಾವುದರಿಂದ ಎಷ್ಟು ಎಂದು ನಾನು ಹೇಳಲಾರೆ.

ಮಧ್ಯಾಹ್ನದ ಗಂಟೆ ಹೊಡೆಯಿತು. ಮಕ್ಕಳು ಹಗ್ಗ ಹಿಡಿದು ಸಾಲಾಗಿ ಬಂದರು, ನಮ್ಮ ಹತ್ತಿರ ಬಂದಾಗ ಒಬ್ಬೊಬ್ಬರೂ ನಿಧಾನಿಸಿ ಮೂಗು ಅರಳಿಸಿದರು. ಬೇರಿನ ಹಸಿ ವಾಸನೆ ಬಿಟ್ಟರೆ ಇನ್ನೇನೂ ಬಂದಿರಲಾರದು. ಅಡುಗೆಯಾಕೆ ಬಾಗಿಲಲ್ಲಿ ನಿಂತು ಕೂಗಿದಳು.

"ಇಬ್ರೂ ಬನ್ನಿ, ಆರತ್ತೆ!"

"ಹಸಿವಿಲ್ಲ ಅಕ್ಕ, ನೀನು ಹೋಗು ದೊಡ್ಡಮ್ಮ," ಎಂದಳು ಪುಟ್ಟಿ, ನನ್ನ ಮುಖ ನೋಡದೆ. ಆ ಮಕ್ಕಳ ನಡುವೆ ಕೂತು ಉಣ್ಣಲು ಅವಳಿಗೆ ಆಗುತ್ತಿರಲಿಲ್ಲ. ನಾನೂ ಕದಲಲಿಲ್ಲ. ಬೇವಿನ ಮರದ ಕೆಳಗೆ ನೆಲದ ಮೇಲೆ ಕೂತೆವು. ಅವಳು ಕಾಲು ಚಾಚಿ, ಮಣ್ಣಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೋಳು ದಾರಿಯನ್ನೇ ನೋಡುತ್ತಿದ್ದಳು. ನಲ್ಲಿ ನೀರು ಬಿಟ್ಟ ಸದ್ದು, ಒಳಗೆ ತಟ್ಟೆಗಳ ಸದ್ದು.

ಊಟದ ಮನೆಯ ಹಿಂಬಾಗಿಲಿನಿಂದ ಮಾಲಿ ಬಂದ. ಒಂದು ಕೈಯಲ್ಲಿ ನೀರಿನ ಚೊಂಬು. ಇನ್ನೊಂದರಲ್ಲಿ ಧೂಳು ಬೀಳದಂತೆ ಮೇಲೊಂದು ತಟ್ಟೆ ಮುಚ್ಚಿದ ತಟ್ಟೆ. ಮೊದಲು ಬಗ್ಗಿ ಅವಳ ಕೈಗೆ ನೀರು ಹೊಯ್ದ. ಅವಳು ಕೈ ತೊಳೆದುಕೊಂಡು, ಸೀರೆಗೆ ಒರೆಸಿಕೊಳ್ಳುವವರೆಗೂ ಕಾದ. ಆಮೇಲೆ ಮುಚ್ಚಿದ್ದ ತಟ್ಟೆಯನ್ನು ತೆಗೆದು, ಅದರಲ್ಲಿ ನನಗೂ ಪಾಲು ಬಡಿಸಿ ಕೊಟ್ಟು, ಹಬೆಯಾಡುತ್ತಿದ್ದ ಊಟದ ತಟ್ಟೆಯನ್ನು ಪುಟ್ಟಿಯ ಕೈಗಿಟ್ಟ.